ಪುಟ್ಟಿಯ ಉಂಗುರಕ್ಕೆ ದೊಡ್ಡಮ್ಮನ ಉತ್ತರ

ಪುಟ್ಟೀ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡುವುದಕ್ಕೆ ಕಣ್ಣು ಕೂಡುವುದಿಲ್ಲ, ಮಾತಾಡಿಯೇ ಕಳಿಸುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಅರ್ಧಕ್ಕೆ ನಿಲ್ಲಿಸಬೇಡ.

ನಿಶ್ಚಿತಾರ್ಥದ ಉಂಗುರ, ಅರ್ಧ ಕ್ಯಾರೆಟ್ ವಜ್ರ. ವಜ್ರ ಪರೀಕ್ಷೆ ಮಾಡಿ ದರ್ಜೆ ಕೊಡುವ ಜಿಐಎ ಸಂಸ್ಥೆಯ ರಿಪೋರ್ಟಿನಲ್ಲಿ ಶುದ್ಧತೆಯ ದರ್ಜೆ ವಿಎಸ್2 ಅಂತ ಇದೆ, ಕೆಳಗೆ ಸಣ್ಣ ಅಕ್ಷರದಲ್ಲಿ 'ಅಡಿಷನಲ್ ಕ್ಲೌಡ್ಸ್ ಆರ್ ನಾಟ್ ಶೋನ್', ಅಂದರೆ ಇನ್ನೂ ಇರುವ ಕ್ಲೌಡ್‌ಗಳನ್ನು ಚಿತ್ರದಲ್ಲಿ ತೋರಿಸಿಲ್ಲ, ಅಂತ ಬರೆದಿದೆ. ಏನೋ ಮುಚ್ಚಿಟ್ಟಿದ್ದಾರೆ, ವಾಪಸ್ ಕೊಡಲಾ ಅಂತ ಕೇಳಿದ್ದೀಯ. ಆ ಕಡೆಯವರು ಯಾರೋ 'ಕಲ್ಲಲ್ಲಿ ದೋಷ ಇದೆ' ಅಂದರಂತೆ ಬೇರೆ. ಒಂದು ಮಾತು ಕೇಳು. ದೋಷ ಅಂತ ಯಾರೋ ಅಂದ ಕೂಡಲೇ ಕಲ್ಲನ್ನು ಕೈಯಿಂದ ಬಿಡಬೇಡ.

ನನ್ನ ಏಳು ಕಲ್ಲಿನ ಓಲೆಯ ಕಥೆ ನಿನ್ನ ಅಮ್ಮನಿಗೆ ಗೊತ್ತು. ನಮ್ಮ ಅತ್ತೆ ಹಾಕಿಕೊಳ್ಳುತ್ತಿದ್ದದ್ದು, ನನಗೆ ಬಂತು. ಆ ವರ್ಷ ಮಳೆಗಾಲದಲ್ಲಿ ತೋಟಕ್ಕೆ ಕೊಳೆರೋಗ, ಅಡಿಕೆ ಅರ್ಧಕ್ಕರ್ಧ ಉದುರಿತ್ತು. ಕುಂಬಳೆ ದೇವಸ್ಥಾನದ ಜಾತ್ರೆಯ ಸಿಡಿಮದ್ದು ನೋಡಲು, ಕುಂಬಳೆ ಬೆಡಿಗೆ, ಹೋಗುವ ಮೊದಲು ಓಲೆಯ ತಿರುಪು ಸಡಿಲ ಆಗಿದೆ ಅಂತ ಪೇಟೆಯ ಒಂದು ಅಂಗಡಿಗೆ ಒಯ್ದೆ. ಅವನು ಕಣ್ಣಿಗೆ ಲೂಪ್, ಅದೇ ಪುಟ್ಟ ಭೂತಗನ್ನಡಿ, ಇಟ್ಟು ನೋಡಿದ. ಲೊಚ್ ಅಂದ. 'ಅಮ್ಮಾ, ನಡುವಿನ ಕಲ್ಲಲ್ಲಿ ಕಪ್ಪು ಗುರುತಿದೆ. ಕಾಕಪಾದ. ಇಂಥದ್ದು ಮನೆಯಲ್ಲಿ ಇಡಬಾರದು' ಅಂದ. ಕಾಗೆಯ ಕಾಲು ಅಂದ ಮೇಲೆ ನನಗೆ ಕೊಳೆರೋಗವೇ ಕಣ್ಣ ಮುಂದೆ ಬಂತು. ಅಲ್ಲೇ ಕೊಟ್ಟು ಎರಡು ಪವನಿನ ಒಂದು ಚಿನ್ನದ ಸರ ತಂದೆ. ಕಲ್ಲಿಗೆ ಅವನು ಎಷ್ಟು ಬೆಲೆ ಕಟ್ಟಿದ ಅಂತಲೂ ಕೇಳಲಿಲ್ಲ.

ಎರಡು ವರ್ಷ ಕಳೆದು ನನ್ನ ನಾದಿನಿಯ ಓಲೆಯಲ್ಲೂ ಅದೇ ಕಪ್ಪು ಕಾಣಿಸಿತು. ಅವಳದ್ದು ನನ್ನದರ ಜೋಡಿ, ಒಟ್ಟಿಗೇ ಮಾಡಿಸಿದ್ದು. ನಮ್ಮ ಊರ ಆಚಾರಿ ಹಿಂದಿನ ತಗಡು ಬಿಚ್ಚಿ, ಅಂಟುವಾಳದ ನೀರಿನಲ್ಲಿ ಹಾಕಿ, ಬ್ರಷ್ಷಿನಲ್ಲಿ ಉಜ್ಜಿದ. ಕಪ್ಪು ಹೋಯಿತು! ಹಿಂದೆ ಮುಚ್ಚಿದ ಓಲೆ ನೋಡು, ವರ್ಷಗಟ್ಟಲೆ ಎಣ್ಣೆ, ಸೋಪು, ಅರಶಿನ ಒಳಗೆ ಸೇರಿ ಕಲ್ಲಿನ ಅಡಿಯಲ್ಲಿ ಕೂತಿತ್ತು. ಕಾಗೆಯೂ ಇಲ್ಲ, ಕಾಲೂ ಇಲ್ಲ.

ಅದಕ್ಕೇ ಹೇಳುವುದು, ದೋಷ ಅಂದರು ಅಂತ ಕಲ್ಲು ಬಿಡಬೇಡ ಮಗಳೇ.

ಅವತ್ತು ನನ್ನನ್ನು ಒಬ್ಬರಾದರೂ ತಡೆದರಾ? ನಿನ್ನ ದೊಡ್ಡಪ್ಪ ಅಂಗಡಿಯ ಹೊರಗೆ ನಿಂತು ಯಾರ ಹತ್ತಿರವೋ ಅಡಿಕೆಯ ಧಾರಣೆ ಮಾತಾಡುತ್ತಿದ್ದರು. ಆಮೇಲೆ ಮಾತ್ರ ಎಲ್ಲರಿಗೂ ನಾನು 'ಕಾಗೆ ಅತ್ತಿಗೆ'. ನಾದಿನಿ ಈಗಲೂ ಪ್ರತಿ ಉಪನಯನಕ್ಕೆ ಅದೇ ಓಲೆ ಹಾಕಿಕೊಂಡು ಬಂದು, ನನ್ನ ಪಕ್ಕದಲ್ಲೇ ಎಲೆಗೆ ಕೂತು, ಕಿವಿ ಇತ್ತ ತಿರುಗಿಸುತ್ತಾಳೆ. ಅವಳೂ ಈ ಗ್ರೂಪಲ್ಲಿ ಇದ್ದಾಳೆ, ಕೇಳಲಿ. ಹೋದ ತಿಂಗಳು ನನಗೇ ಪಾಯಸ ಬಡಿಸಲು ಮರೆತರು, ಅದು ಬೇರೆ ವಿಷಯ.

ಅಯ್ಯೋ, ನಿನ್ನ ಪ್ರಶ್ನೆ ಅಲ್ಲಿಯೇ ಉಳಿಯಿತು.

ವಿಎಸ್2 ಅಂದರೆ 11 ದರ್ಜೆಯಲ್ಲಿ ಮೇಲಿನಿಂದ 6ನೆಯದು. ಹತ್ತು ಪಟ್ಟು ದೊಡ್ಡದು ಮಾಡಿ ನೋಡಿ ಕೊಡುವ ದರ್ಜೆ ಅದು, ಬರಿಗಣ್ಣಿಗೆ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ಕ್ಲೌಡ್ ಅಂದರೆ ಸೂಜಿಮೊನೆಯಂಥ ಚುಕ್ಕಿಗಳ ಗುಂಪು. ಅಷ್ಟನ್ನೂ ಬಿಡಿಸಿದರೆ ರಿಪೋರ್ಟಿನಲ್ಲಿರುವ ಕಲ್ಲಿನ ಚಿತ್ರವೇ ಗಲೀಜು ಆಗುತ್ತದೆ, ಅದಕ್ಕೆ 'ತೋರಿಸಿಲ್ಲ' ಅಂತ ಬರೆಯುತ್ತಾರೆ. ದರ್ಜೆ ಕೊಡುವಾಗ ಅವನ್ನೂ ಲೆಕ್ಕಕ್ಕೆ ಹಿಡಿದಿರುತ್ತಾರೆ. ಮುಚ್ಚಿಟ್ಟದ್ದಲ್ಲ, ಬರೆದೇ ಹೇಳಿದ್ದಾರೆ ಅಲ್ವಾ? ಪಾಲಿಶಿನ ಸಣ್ಣ ಗೆರೆ ತೋರಿಸಿಲ್ಲ ಅಂತ ಬರೆದದ್ದೂ ಹಾಗೆಯೇ. ಇಡೀ ದರ್ಜೆಯೇ ತೋರಿಸದ ಕ್ಲೌಡಿನ ಮೇಲೆ ನಿಂತಿದೆ ಅಂತ ಬರೆದಿದ್ದರೆ ಮಾತ್ರ, ಕಲ್ಲು ಮಂಜು ಮಂಜಾಗಿ ಕಾಣುತ್ತದಾ ಅಂತ ಬಿಸಿಲಿಗೆ, ನೆರಳಿಗೆ ಹಿಡಿದು ನೋಡು.

ನೀನು ಫೋಟೋ ಹಾಕಿದ ರಿಪೋರ್ಟಿನ ಆ ಚಿತ್ರದಲ್ಲಿ ಕೆಂಪು ಗುರುತು ಒಳಗಿನದ್ದು, ಹಸಿರು ಮೇಲ್ಮೈಯದ್ದು. ಅಂಚಿನ ಹತ್ತಿರ ಒಂದು ಕೆಂಪು ಇದೆ, ಫೆದರ್ ಅಂತ ಇದೆ. ಅದು ಸಣ್ಣ ಬಿರುಕು. ನೀನು ಚಿಂತೆ ಮಾಡಬೇಕಾದ್ದು ಇದನ್ನು, ಕ್ಲೌಡನ್ನಲ್ಲ. ಅದು ಅಂಚಿನವರೆಗೆ ಬಂದಿದೆಯಾ ಅಂತ ಅಂಗಡಿಯಲ್ಲಿ ಕೇಳು. ಬಂದಿದ್ದರೆ ಪೆಟ್ಟು ತಾಗದ ಹಾಗೆ ಕೂರಿಸಿಕೊಡಲು ಹೇಳು, ಪ್ರಾಂಗ್, ಅಂದರೆ ಕಲ್ಲು ಹಿಡಿಯುವ ಸಣ್ಣ ಕೊಕ್ಕೆ, ಒತ್ತುವಾಗ ಜಾಗ್ರತೆ ಅಂತಲೂ ಹೇಳು.

ಮತ್ತೆ ಲೂಪ್ ಕೇಳಿ ತೆಗೆದುಕೊಂಡು ಕಲ್ಲಿನ ಸೊಂಟದ ಅಂಚು ನೋಡು. ನಂಬರ್ ಕೆತ್ತಿದ್ದರೆ ರಿಪೋರ್ಟಿನ ನಂಬರಿಗೆ ಸರಿ ಹೊಂದಬೇಕು. ಆ ನಂಬರನ್ನು ನಿನ್ನ ಅಣ್ಣನಿಗೆ ಕಳಿಸು, ಜಿಐಎ ವೆಬ್‌ಸೈಟಿನಲ್ಲಿ ಹಾಕಿ ನೋಡುತ್ತಾನೆ. ಗ್ರೂಪಿಗೆ ಹಾಕಬೇಡ, ನಾದಿನಿ ನೋಡುತ್ತಾಳೆ.