ಎಕ್ಸ್‌ರೇ ಸರಿ ಇದ್ದರೂ ಕಣಕಾಲಿನ ಉಳುಕು ಎಂಟು ತಿಂಗಳಿಂದ ಹೋಗಿಲ್ಲ: ಬೂಟೋ, ಶಸ್ತ್ರಚಿಕಿತ್ಸೆಯೋ?

ನಾಲೆ ಏರಿ (ಮಂಡ್ಯ):
ಎಂಟು ತಿಂಗಳ ಹಿಂದೆ ಚಾಮುಂಡಿ ಬೆಟ್ಟದ ಮೆಟ್ಟಿಲು ಇಳಿಯುವಾಗ, ನಂದಿ ದಾಟಿ ಸ್ವಲ್ಪ ಕೆಳಗೆ, ಬಲಪಾದ ಒಳಕ್ಕೆ ಮಡಚಿಕೊಂಡಿತು. ಎಕ್ಸ್‌ರೇ ನೋಡಿ ಮೂಳೆ ಮುರಿದಿಲ್ಲ ಎಂದರು. ಊರಿನಲ್ಲಿ ಎರಡು ಸಲ ಉಳುಕು ತೆಗೆಸಿದೆ. ಹೊರಗಿನ ಊತ ಇಳಿಯಿತು, ನೋವು ಮಾತ್ರ ಆಳದಲ್ಲೆಲ್ಲೋ ಉಳಿದಿದೆ. ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಎರಡು ಕಿಲೋಮೀಟರ್ ನಡೆದರೆ ಸಂಜೆಗೆ ಗಂಟು ಊದುತ್ತದೆ. ಒಮ್ಮೊಮ್ಮೆ ಹೆಜ್ಜೆ ಇಡುವಾಗ ಕೀಲು ಏನನ್ನೋ ಕಚ್ಚಿ ಹಿಡಿದಂತಾಗುತ್ತದೆ. ಎಂಆರ್‌ಐ ವರದಿ ಹೀಗಿದೆ: ಟೇಲಸ್ ಮೂಳೆಯ (ಕಣಕಾಲಿನ ಕೀಲಿನಲ್ಲಿ ಹಿಮ್ಮಡಿ ಮೂಳೆಯ ಮೇಲೆ ಕೂರುವ ಮೂಳೆ) ಗುಮ್ಮಟದ ಒಳಬದಿಯಲ್ಲಿ ಸುಮಾರು 11 ಮಿ.ಮೀ. ಗಾಯ, ಮೃದ್ವಸ್ಥಿಯಲ್ಲಿ (ಕೀಲಿನೊಳಗೆ ಮೂಳೆಗೆ ಹೊದ್ದಿರುವ ನುಣುಪು ಪದರ) ಬಿರುಕು, ಅದರಡಿಯ ಮೂಳೆಯಲ್ಲಿ ನೀರು. ಒಬ್ಬ ವೈದ್ಯರು ಕಣಕಾಲು ಅಲುಗದಂತೆ ಹಿಡಿಯುವ ಬೂಟು ಹಾಕಿಕೊಳ್ಳಿ ಎನ್ನುತ್ತಾರೆ, ಇನ್ನೊಬ್ಬರು ಶಸ್ತ್ರಚಿಕಿತ್ಸೆ ಎನ್ನುತ್ತಾರೆ. ಕಬ್ಬಿನ ಕಟಾವು ಬೇರೆ ಹತ್ತಿರ ಬಂತು. ಯಾರ ಮಾತು ಕೇಳಲಿ?

ಫಿಸಿಯೋ (ಮೈಸೂರು):
ಮೊದಲು, ಉಳುಕು ತೆಗೆಸುವುದನ್ನು ಇಂದೇ ನಿಲ್ಲಿಸಿ. ಒಳಗೆ ಬಿರುಕು ಬಿಟ್ಟ ಕೀಲನ್ನು ತಿರುಚಿದರೆ ಬಿರುಕು ಹೆಚ್ಚುತ್ತದೆಯೇ ಹೊರತು ಕೂಡುವುದಿಲ್ಲ.

ಈ ಗಾಯ ಸಾದಾ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಮೃದ್ವಸ್ಥಿಗೆ ರಕ್ತನಾಳವೂ ಇಲ್ಲ, ನರವೂ ಇಲ್ಲ. ಅದಕ್ಕೇ ಚರ್ಮದ ಗಾಯದಂತೆ ಮಾಯುವುದಿಲ್ಲ. ನೋವು ಹುಟ್ಟುವುದು ಕೆಳಗಿನ ಮೂಳೆಯಲ್ಲಿ. ಟೇಲಸ್‌ಗೆ ಒಂದು ಸ್ನಾಯುವೂ ಅಂಟಿಲ್ಲ, ಅದರ ಮೈಯ ಅರ್ಧಕ್ಕಿಂತ ಹೆಚ್ಚು ಭಾಗ ಮೃದ್ವಸ್ಥಿಯೇ. ರಕ್ತ ಒಳಹೋಗಲು ದಾರಿ ಕಡಿಮೆ.

ಬೂಟೋ ಚಾಕುವೋ ಎಂಬುದನ್ನು ತೀರ್ಮಾನಿಸುವುದು ಎರಡು ಸಂಗತಿ: ಗಾಯದ ಅಳತೆ, ಮತ್ತು ಬಿರುಕಿನಿಂದ ಬೇರೆಯಾಗುವ ಮೂಳೆ-ಮೃದ್ವಸ್ಥಿಯ ಚೂರು ಗಟ್ಟಿಯಾಗಿ ಕೂತಿದೆಯೇ, ಸಡಿಲಗೊಂಡಿದೆಯೇ ಎಂಬುದು. 1959ರಲ್ಲಿ ಬರ್ನ್ಟ್ ಮತ್ತು ಹಾರ್ಟಿ ಮಾಡಿದ ನಾಲ್ಕು ಹಂತಗಳ ವಿಂಗಡಣೆಯನ್ನು ಈಗಲೂ ಬಳಸುತ್ತಾರೆ: ಮೂಳೆ ಒತ್ತಿಕೊಂಡದ್ದು, ಚೂರು ಅರ್ಧ ಬಿಟ್ಟದ್ದು, ಪೂರ್ತಿ ಬಿಟ್ಟರೂ ಜಾಗದಲ್ಲೇ ಇರುವುದು, ಜಾಗ ತಪ್ಪಿದ್ದು. ಕೂತಿರುವ ಚೂರಿಗೆ ಬೂಟು, ವಿಶ್ರಾಂತಿ ಕೊಟ್ಟು ನೋಡಬಹುದು. ಆದರೆ ಕೀಲು ಕಚ್ಚಿ ಹಿಡಿಯುತ್ತದೆ ಎಂದಿರಲ್ಲ, ನನಗೆ ಚಿಂತೆ ಹತ್ತಿಸಿದ್ದು ಆ ಮಾತು; ಚೂರು ಸಡಿಲವಾದರೆ ಹಾಗಾಗುವುದುಂಟು. ಎಂಆರ್‌ಐಯಲ್ಲಿ ಮೂಳೆಯ ನೀರು ಸೇರಿ ಗಾಯ ದೊಡ್ಡದಾಗಿ ಕಾಣುವುದುಂಟು. ಸಿಟಿ ಸ್ಕ್ಯಾನ್ ಮಾಡಿಸಬಹುದೇ ಎಂದು ವೈದ್ಯರನ್ನು ಕೇಳಿ. ಹೊರಬದಿಯ ಅಸ್ಥಿರಜ್ಜು (ಮೂಳೆಗೆ ಮೂಳೆ ಬಿಗಿಯುವ ಪಟ್ಟಿ) ಸಡಿಲವಾಗಿದೆಯೇ ಎಂದೂ ಪರೀಕ್ಷಿಸಲು ಹೇಳಿ. ಅದನ್ನು ಬಿಟ್ಟು ಗಾಯವನ್ನಷ್ಟೇ ಸರಿಪಡಿಸಿದರೆ ಪಾದ ಮತ್ತೆ ಮಡಚುತ್ತದೆ.

ನಾಲೆ ಏರಿ:
ಸಿಟಿ ಆಯಿತು. ಗಾಯ 8 ಮಿ.ಮೀ., ಚೂರು ಸಡಿಲ, ಕೆಳಗೆ ಚಿಕ್ಕ ನೀರುಗುಳ್ಳೆ. ಅಸ್ಥಿರಜ್ಜು ಗಟ್ಟಿಯಾಗಿದೆ. ಕೀಲಿನೊಳಗೆ ಸಣ್ಣ ದುರ್ಬೀನು ತೂರಿಸಿ ನೋಡಿ, ಚೂರು ತೆಗೆದು, ಮೂಳೆಯಲ್ಲಿ ಸಣ್ಣ ರಂಧ್ರ ಕೊರೆಯುತ್ತಾರಂತೆ. ರಂಧ್ರ ಏಕೆ?

ಕುಕ್ಕರಹಳ್ಳಿ ನಡಿಗೆ (ಮೈಸೂರು):
ನನಗೂ ಅದೇ ಆಯಿತು, ಎರಡು ವರ್ಷದ ಹಿಂದೆ. ರಂಧ್ರದಿಂದ ಮಜ್ಜೆಯ ರಕ್ತ ಬಂದು ಹೆಪ್ಪುಗಟ್ಟುತ್ತದೆ, ಆ ಹೆಪ್ಪಿನಿಂದ ಹೊಸ ಪದರ ಬೆಳೆಯುತ್ತದೆ. ಅದು ನಾರಿನ ಮೃದ್ವಸ್ಥಿ, ಹುಟ್ಟಿನಿಂದ ಬಂದದ್ದರಷ್ಟು ಗಟ್ಟಿಯಲ್ಲ. 15 ಮಿ.ಮೀ.ಗಿಂತ ದೊಡ್ಡ ಗಾಯವಾದರೆ ಮೊಣಕಾಲಿನಿಂದ ಮೂಳೆ ಸಮೇತ ಮೃದ್ವಸ್ಥಿ ತೆಗೆದು ಕೂರಿಸುವುದೂ ಉಂಟು ಎಂದಿದ್ದರು, ನನಗೆ ಬೇಕಾಗಲಿಲ್ಲ.

ಆರು ವಾರ ಆ ಕಾಲಿನ ಮೇಲೆ ಭಾರ ಹಾಕಲಿಲ್ಲ. ಆದರೆ ವೈದ್ಯರು ಹೇಳಿದ ದಿನದಿಂದ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಲೇ ಇದ್ದೆ, ಇಲ್ಲದಿದ್ದರೆ ಕೀಲು ಬಿಗಿಯುತ್ತದೆ. ನನಗೆ ಅತ್ಯಂತ ಕಷ್ಟವಾದದ್ದು ನೋವಲ್ಲ, ನೆಲದ ಕಕ್ಕಸು. ಕಮೋಡ್ ಕುರ್ಚಿಯನ್ನು ಮೊದಲೇ ತಂದಿಡಿ. ಮೂರನೆಯ ತಿಂಗಳಲ್ಲಿ ಕೆರೆಯ ಸುತ್ತ ನಡೆದೆ, ಓಡಲು ಆರು ತಿಂಗಳು ಬೇಕಾಯಿತು. ಕಟಾವಿನ ಗದ್ದೆಗೆ ಈ ವರ್ಷ ಇಳಿಯಬೇಡಿ, ದಯವಿಟ್ಟು.

ನಾಲೆ ಏರಿ:
ಒಪ್ಪಿಗೆ ಕೊಟ್ಟು ಬಂದೆ. ಕಟಾವಿಗೆ ತಮ್ಮ ನಿಲ್ಲುತ್ತಾನೆ. ವಾಕರ್ ಬಾಡಿಗೆಗೆ ಎಲ್ಲಿ ಸಿಗುತ್ತದೆ?

ಕುಕ್ಕರಹಳ್ಳಿ ನಡಿಗೆ:
ಬಾಡಿಗೆ ಬೇಡ. ನನ್ನದು ಅಟ್ಟದ ಮೇಲಿದೆ, ಎತ್ತರ ಹೊಂದಿಸಿಕೊಳ್ಳಬಹುದು. ಭಾನುವಾರ ಬೆಳಗಿನ ರೈಲಿನಲ್ಲಿ ಮಂಡ್ಯಕ್ಕೆ ತರುತ್ತೇನೆ.