ಅಪ್‌ಡೇಟ್: ಬಸ್ಸಲ್ಲಿ ಕೇಳೋಕೆ ಮ್ಯೂಸಿಕ್ ಪ್ಲೇಯರ್ ತಗೊಂಡೆ

ಫೋನ್ ಬಿಟ್ಟು ಹಾಡು ಕೇಳೋಕೆ ಅಂತಲೇ ಒಂದು ಚಿಕ್ಕ ಪ್ಲೇಯರ್ ಬೇಕು, ಏನು ನೋಡಿ ಆರಿಸಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ.

ಬಟನ್ ಇರೋದನ್ನೇ ತಗೊಳ್ಳಿ ಅಂದವರ ಮಾತು ನೂರಕ್ಕೆ ನೂರು ನಿಜ. ಬಸ್ಸಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತಾಗಲೂ ಜೇಬಿನೊಳಗೇ ಬೆರಳಲ್ಲಿ ತಡವಿ ಮುಂದಿನ ಹಾಡಿಗೆ ಹೋಗ್ತೀನಿ.

ಒಂದೇ ಆಲ್ಬಂ ಅನ್ನು ಫ್ಲಾಕ್‌ನಲ್ಲೂ (ಗುಣಮಟ್ಟ ಕಳೆಯದ ದೊಡ್ಡ ಫೈಲ್), ಅದರಿಂದಲೇ ಮಾಡಿದ 320 ಕೆಬಿಪಿಎಸ್ ಎಂಪಿ3ಯಲ್ಲೂ (ಸೆಕೆಂಡಿಗೆ 320 ಕಿಲೋಬಿಟ್‌ಗೆ ಕುಗ್ಗಿಸಿದ ಚಿಕ್ಕ ಫೈಲ್) ಕೇಳಿ ನೋಡಿದೆ. ಮನೆಯ ಮೌನದಲ್ಲೂ ನನಗೆ ವ್ಯತ್ಯಾಸ ಸಿಗಲಿಲ್ಲ. ಬಸ್ಸಲ್ಲಂತೂ ಎಂಜಿನ್ ಸದ್ದೇ ತಂಬೂರಿಯ ಖರಜವನ್ನು, ಅಂದ್ರೆ ತಗ್ಗಿನ ಸ್ವರವನ್ನು, ನುಂಗಿಬಿಡುತ್ತೆ. ಹಾಗಾಗಿ ಮೆಮೊರಿ ಕಾರ್ಡಿಗೆ ಎಂಪಿ3ಯೇ ಹಾಕಿದೆ, ಗಂಟೆಗೆ ಸುಮಾರು 144 ಎಂಬಿ. ಉಳಿದ ದುಡ್ಡು ಕಿವಿಯಲ್ಲಿ ಬಿಗಿಯಾಗಿ ಕೂರೋ ಇಯರ್‌ಫೋನ್‌ಗೆ ಹೋಯ್ತು, ನಿಜವಾದ ವ್ಯತ್ಯಾಸ ಕೇಳಿಸಿದ್ದು ಅಲ್ಲೇ.

ಯಾರೂ ಹೇಳದ ಒಂದು ಅಂಶ ಗ್ಯಾಪ್‌ಲೆಸ್, ಅಂದ್ರೆ ಒಂದು ಟ್ರ್ಯಾಕ್ ಮುಗಿದು ಮುಂದಿನದು ನಡುವೆ ತೆರಪಿಲ್ಲದೆ ಶುರುವಾಗೋದು. ಎಷ್ಟೋ ಹಿಂದೂಸ್ತಾನಿ ಸಿಡಿಗಳಲ್ಲಿ ವಿಲಂಬಿತ್ (ನಿಧಾನ ಲಯದ ಭಾಗ), ದ್ರುತ್ (ವೇಗದ ಭಾಗ) ಬೇರೆ ಬೇರೆ ಟ್ರ್ಯಾಕ್; ಗ್ಯಾಪ್‌ಲೆಸ್ ಇಲ್ಲದಿದ್ದರೆ ತಬಲಾ ನಡೀತಿರುವಾಗಲೇ ಅರೆಕ್ಷಣ ಸದ್ದು ಕಡಿದುಹೋಗುತ್ತೆ. ಬೇಸರದ ಸಂಗತಿ ಅಂದ್ರೆ ಕನ್ನಡ ಹೆಸರುಗಳು. ಇದರ ಪರದೆಯಲ್ಲಿ ಒತ್ತಕ್ಷರ ಒಡೆದು ಬಿಡಿಬಿಡಿಯಾಗಿ ಕಾಣ್ತವೆ. ತಗೊಳ್ಳೋರು ನಿಮ್ಮದೇ ಕಾರ್ಡ್ ಹಾಕಿ, ಈ ಎರಡನ್ನೂ ಅಂಗಡಿಯಲ್ಲೇ ನೋಡ್ಕೊಳ್ಳಿ.