ಕೈ ಎತ್ತಿಸದೆ ಸಂಘ ನಡೆಸೋಕೆ ಆಗುತ್ತಾ? ಕ್ವೇಕರ್‌ಗಳ ಸಭೆ ಬಗ್ಗೆ ಗೊತ್ತಿರುವವರು ಹೇಳಿ

ಹಳ್ಳದಂಚು, ಮೂಡಿಗೆರೆ:
ನಮ್ಮದು ಹನ್ನೆರಡು ಮನೆಯ ಸಣ್ಣ ನೀರಿನ ಸಂಘ. ಫೆಬ್ರವರಿ ಬಂತು ಅಂದರೆ ಎಲ್ಲರಿಗೂ ರೋಬಸ್ಟಾ ಕಾಫಿಯ ಹೂವಿಗೆ ಸ್ಪ್ರಿಂಕ್ಲರ್ ಹಾಕಬೇಕು, ಇರೋದು ಒಂದೇ ಹಳ್ಳ. ಹೋದ ವರ್ಷ ಯಾರ ಪಾಳಿ ಯಾವಾಗ ಅಂತ ಕೈ ಎತ್ತಿಸಿದೆವು. ಏಳು, ಐದು. ಗೆದ್ದ ಏಳು ಜನ ಕಾಫಿ ಕುಡಿದು ಹೊರಟರು, ಸೋತ ಐದು ಜನ ಆಮೇಲೆ ಸಭೆ ಕಡೆಗೇ ತಲೆ ಹಾಕಲಿಲ್ಲ. ಅವರಲ್ಲೊಬ್ಬರು ರಾತ್ರಿ ಎರಡು ಗಂಟೆಗೆ ಮೋಟರ್ ಹಾಕಿದ್ದಾರೆ, ಬೆಳಿಗ್ಗೆ ಹೋಗಿ ನೋಡಿದರೆ ನೀರು ಎಳೆಯೋ ನನ್ನ ಪೈಪಿನ ತುದಿಯ ಫುಟ್‌ವಾಲ್ವ್ ಬರೀ ಕೆಸರಲ್ಲಿ ಬಿದ್ದಿದೆ. ಕ್ವೇಕರ್ ಅನ್ನೋ ಕ್ರೈಸ್ತ ಪಂಗಡದವರು ಓಟೇ ಇಲ್ಲದೆ ತೀರ್ಮಾನ ಮಾಡುತ್ತಾರೆ ಅಂತ ಮಗಳು ಹೇಳಿದಳು. ನಿಜಾನಾ?

ಸಂಪಿಗೆಮರ, ಹಾಸನ:
ನಿಜ ಸಾರ್. ಇಂಗ್ಲೆಂಡಲ್ಲಿ ಓದುವಾಗ ಒಂದು ಸಲ ಅವರ ಸಭೆಯಲ್ಲಿ ಹಿಂದಿನ ಬೆಂಚಲ್ಲಿ ಕೂತಿದ್ದೆ. 1650ರ ಆಸುಪಾಸಿನಲ್ಲಿ ಜಾರ್ಜ್ ಫಾಕ್ಸ್ ಅನ್ನುವವರ ಕಾಲದಲ್ಲಿ ಶುರುವಾದ ಪಂಗಡ. ದೊಡ್ಡವರಿಗೂ 'ನೀವು' ಅನ್ನಲ್ಲ, ಎಲ್ಲರಿಗೂ 'ನೀನು'ವೇ ಅಂತ ಹಠ ಹಿಡಿದು ಏಟು ತಿಂದ ಜನ. (ನಮ್ಮೂರಲ್ಲಿ ಆಗಿದ್ದರೆ ಗೊತ್ತಲ್ಲ!) ಸಭೆ ಶುರುವಾಗೋದೇ ಮೌನದಿಂದ. ಒಬ್ಬರು ಮಾತು ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಎಲ್ಲರೂ ಸುಮ್ನೆ ಇರುತ್ತಾರೆ, ಆಮೇಲೆ ಇನ್ನೊಬ್ಬರು. ನಡೆಸುವವರನ್ನ ಕ್ಲರ್ಕ್ ಅನ್ನುತ್ತಾರೆ, ನಮ್ಮ ತಾಲೂಕು ಆಫೀಸಿನ ಅರ್ಥದಲ್ಲಲ್ಲ. ತೀರ್ಮಾನ ಏನು ಅಂತ ಅವರು ಅಲ್ಲೇ ಬರೆದು ಅಲ್ಲೇ ಓದಬೇಕು. ಅವತ್ತಿನ ವಿಷಯ ಅಂಗಳದ ಒಂದು ಮರ ಕಡಿಯೋದು. ಓದಿದ ಮೇಲೆ ಒಬ್ಬ ಅಜ್ಜಿ "'ಕಡಿಯಬೇಕು' ಅಂತ ನಾವು ಹೇಳಲಿಲ್ಲ, 'ಕಡಿಯಬಹುದು' ಅಂದೆವು" ಅಂದರು. ಕ್ಲರ್ಕ್ ಆ ಪದ ಹೊಡೆದು ಹಾಕಿ ಮತ್ತೆ ಓದಿದರು. ಆಮೇಲೇ ಎಲ್ಲರೂ "ಹೋಪ್ ಸೋ" (ಹಾಗೇ ಆಗಲಿ) ಅಂದಿದ್ದು, ಒಪ್ಪಿಗೆ ಅಂದರೆ ಅಷ್ಟೇ. ಒಪ್ಪದವರು "ನನಗೆ ಸರಿ ಕಾಣಲ್ಲ, ಆದರೆ ಅಡ್ಡ ಬರಲ್ಲ" ಅನ್ನಬಹುದು. ತೀರಾ ಆಗದಿದ್ದರೆ ಮುಂದಿನ ಸಭೆಗೆ ತಳ್ಳುತ್ತಾರೆ.

ಮಳೆನಾಡಿಗ62:
ಮೊಗ್ಗು ಮುಂದಿನ ಸಭೆವರೆಗೆ ಕಾಯುತ್ತಾ ಸ್ವಾಮಿ? ಒಬ್ಬ ಹಠಮಾರಿ ಇದ್ದರೆ ಸಾಕು, ಹನ್ನೊಂದು ತೋಟ ಒಣಗುತ್ತೆ.

ಕರಿಮೆಣಸು, ಸಕಲೇಶಪುರ:
ನಿಧಾನ ಅನ್ನೋದು ಸುಳ್ಳಲ್ಲ. ಅಮೆರಿಕದ ಜರ್ಮನ್‌ಟೌನಲ್ಲಿ 1688ರಲ್ಲೇ ನಾಲ್ಕು ಜನ ಕ್ವೇಕರ್‌ಗಳು, ಗುಲಾಮರನ್ನ ಇಟ್ಟುಕೊಳ್ಳೋದು ತಪ್ಪು ಅಂತ ಬರೆದು ಕೊಟ್ಟರು. ಗುಲಾಮರಿದ್ದವರಿಗೆ ಪಂಗಡದಲ್ಲಿ ಜಾಗ ಇಲ್ಲ ಅಂತ ಫಿಲಡೆಲ್ಫಿಯಾ ಸಭೆ ಹೇಳಿದ್ದು 1776ರಲ್ಲಿ. ಎಂಬತ್ತೆಂಟು ವರ್ಷ! ಅಷ್ಟು ವರ್ಷ ಕಾದವರು ಗುಲಾಮರು, ಸಭೆಯವರಲ್ಲ, ಅದನ್ನ ನಾನು ಸಮರ್ಥಿಸಲ್ಲ. ಆದರೆ ಬರೀ ಸಭೆಯಲ್ಲಿ ಕೂತು ಅದು ಆಗಿದ್ದಲ್ಲ. ಜಾನ್ ವುಲ್‌ಮನ್ ಅನ್ನೋ ಕ್ವೇಕರ್ ಒಬ್ಬರು ಗುಲಾಮರಿದ್ದವರ ಮನೆಗಳಿಗೇ ಹೋಗಿ ಮಾತಾಡುತ್ತಿದ್ದರು, ಉಳಿದುಕೊಂಡ ಮನೆಯಲ್ಲಿ ತನ್ನ ಕೆಲಸ ಮಾಡಿಕೊಟ್ಟ ಗುಲಾಮರ ಕೈಗೆ ದುಡ್ಡು ಕೊಟ್ಟು ಬರುತ್ತಿದ್ದರು. ಮನೆಯ ಯಜಮಾನನಿಗೆ ಹೇಗಾಗಿರಬೇಡ! ಮೊದಲನೇ ಮಹಾಯುದ್ಧ ಮುಗಿದ ಮೇಲೆ ಸೋತ ಜರ್ಮನಿಯ ಮಕ್ಕಳಿಗೆ ಊಟ ಹಾಕಿದ್ದೂ ಇದೇ ಜನ. 1947ರ ನೊಬೆಲ್ ಶಾಂತಿ ಬಹುಮಾನ ಬಂದಿದ್ದು ಬ್ರಿಟನ್, ಅಮೆರಿಕದ ಅವರ ಎರಡು ಸೇವಾ ಸಂಸ್ಥೆಗಳಿಗೆ. ನಿಮ್ಮ ಸೋತ ಐದು ಜನರ ಮನೆಗೆ ಯಾರಾದರೂ ಹೋದರಾ ಅಣ್ಣ?

ಹಳ್ಳದಂಚು, ಮೂಡಿಗೆರೆ:
ಇಲ್ಲ. ಫೋನೂ ಮಾಡಿಲ್ಲ. ಭಾನುವಾರ, ಆ ರಾತ್ರಿ ಮೋಟರ್ ಹಾಕಿದವರ ಮನೆಗೇ ಮೊದಲು ಹೋಗುತ್ತೇನೆ. ಈ ಸಲ ಪಾಳಿ ಪಟ್ಟಿನ ಅಲ್ಲೇ ಬರೆದು ಅಲ್ಲೇ ಓದೋಣ ಅಂತಲೂ ಹೇಳುತ್ತೇನೆ. ಫುಟ್‌ವಾಲ್ವ್ ವಿಷಯ ಎತ್ತಲಾ, ಬೇಡವಾ?

ಸಂಪಿಗೆಮರ, ಹಾಸನ:
ಬೇಡ ಸಾರ್. ಕಾಫಿ ಕೊಟ್ಟರೆ ಕುಡಿದು ಬನ್ನಿ.